ಅದ್ರಕ್, ಅಲ್ಲ, ಝಂಜಬೀಲ್: ಒಂದು ಗೆಡ್ಡೆಯ ಚರಿತ್ರೆ ಮತ್ತು ನಮ್ಮ ಆರೋಗ್ಯ



"ಬಂದರ್ ಕ್ಯಾ ಜಾನೆ ಅದ್ರಕ್ ಕಾ ಮಜಾ" ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಮಂಗನಿಗೇನು ಗೊತ್ತು ಶುಂಠಿಯ ರುಚಿ ಎಂದು ಅದರ ಅರ್ಥ. ಕನ್ನಡದಲ್ಲಿ ಇದೇ ಮಾತಿಗೆ ಕತ್ತೆ ಮತ್ತು ಕಸ್ತೂರಿ ಬರುತ್ತವೆ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನಾನು ಈ ಎರಡು ಗಾದೆಗಳನ್ನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯುತ್ತೇನೆ. ಮಕ್ಕಳು ನಗುತ್ತಾರೆ. ಆಮೇಲೆ ಶುಂಠಿಯ ಮಹಿಮೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಪಾಠ ಮುಂದುವರಿಸುವುದು ನನ್ನ ರೂಢಿಯಾಗಿತ್ತು.

ಆ ನಾಲ್ಕು ಮಾತು ಒಂದು ಸಲ ನನಗೇ ತಿರುಗಿ ಬಂತು. ಕಮಲಾಪುರದಲ್ಲಿ ನಾನು ಪಾಠ ಮಾಡುವ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೆಯ ದಿನ ದುಪಟ್ಟಾದಿಂದ ಕೆನ್ನೆ ಮುಚ್ಚಿಕೊಂಡು ಬಂದಳು. ಅಕ್ಕನ ನಿಕಾಹ್ ಹತ್ತಿರವಿತ್ತು, ಮನೆಗೆ ನೆಂಟರು ಬರುವವರಿದ್ದರು. "ಮೈಬಣ್ಣ ಬೆಳ್ಳಗಾಗುತ್ತದೆ" ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನೋಡಿ, ಹಸಿ ಶುಂಠಿಯನ್ನು ಅರೆದು ನಿಂಬೆ ರಸ ಸೇರಿಸಿ ರಾತ್ರಿಯಿಡೀ ಮುಖಕ್ಕೆ ಹಚ್ಚಿಕೊಂಡು ಮಲಗಿದ್ದಳು. ಬೆಳಿಗ್ಗೆ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತ್ತು. ವೈದ್ಯರ ಔಷಧಿಯಿಂದ ಬೊಬ್ಬೆ ಇಳಿಯಿತು, ಆದರೆ ಬೆಳ್ಳಗಾಗಬೇಕಿದ್ದ ಕೆನ್ನೆಯ ಮೇಲೆ ಕಪ್ಪು ಕಲೆ ಉಳಿಯಿತು. ಅವಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಟೀಚರ್, ಅದ್ರಕ್ ಎಲ್ಲಾ ರೋಗಕ್ಕೂ ಮದ್ದು ಅಂತ ನೀವೇ ಹೇಳಿದ್ರಲ್ಲ? ಕುರ್‌ಆನಿನಲ್ಲಿಯೂ ಅದರ ಹೆಸರು ಇದೆ ಅಂದ್ರಿ. ಮತ್ತೆ ನನಗೆ ಯಾಕ ಹಿಂಗಾತು?"

ನನ್ನ ಬಳಿ ಉತ್ತರವಿರಲಿಲ್ಲ. ನಾನು ಹೇಳಿದ್ದು ಸುಳ್ಳೇನೂ ಅಲ್ಲ, ಆದರೆ ಅರ್ಧ ಮಾತು. ಉಳಿದ ಅರ್ಧವನ್ನು ಹುಡುಕುತ್ತಾ ಹೋದಾಗ ಸಿಕ್ಕ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹೆಸರಿನ ಪಯಣ

ಮೊದಲು ಹೆಸರಿನಿಂದ ಆರಂಭಿಸೋಣ. ನಮ್ಮ ಕಲಬುರಗಿಯ ಮಾರುಕಟ್ಟೆಯಲ್ಲಿ ಹಸಿ ಶುಂಠಿಗೆ ಮೂರು ಹೆಸರುಗಳಿವೆ. ಕನ್ನಡ ಮಾತಾಡುವ ಹಳ್ಳಿಯವರು "ಅಲ್ಲ" ಎನ್ನುತ್ತಾರೆ, ತೆಲುಗರ "ಅಲ್ಲಂ" ಕೂಡ ಇದೇ. ಪುಸ್ತಕದ ಕನ್ನಡದಲ್ಲಿ "ಹಸಿ ಶುಂಠಿ". ನಮ್ಮ ದಖನಿ ಮನೆಗಳಲ್ಲಿ "ಅದ್ರಕ್". ಒಣಗಿದ್ದಕ್ಕೆ "ಸೋಂಠ್".

ಇಲ್ಲೊಂದು ಸ್ವಾರಸ್ಯವಿದೆ. ಅದ್ರಕ್ ಎಂಬುದು ಸಂಸ್ಕೃತದ "ಆರ್ದ್ರಕ"ದಿಂದ ಬಂದದ್ದು. ಆರ್ದ್ರ ಎಂದರೆ ಒದ್ದೆ, ಹಸಿ. ಸೋಂಠ್ ಎಂಬುದು "ಶುಂಠಿ"ಯಿಂದ ಬಂದದ್ದು. ಉರ್ದುವಿನಲ್ಲಿ ನಾವು ದಿನನಿತ್ಯ ಬಳಸುವ ಈ ಎರಡು ಪದಗಳೂ ಹೀಗೆ ಸಂಸ್ಕೃತ ಮೂಲದವು. ಅರಬ್ಬಿಯ "ಝಂಜಬೀಲ್" ಕೂಡ ನಮ್ಮ ದೇಶದಿಂದಲೇ ಹೊರಟ ಪದ. ಸಂಸ್ಕೃತದಲ್ಲಿ "ಶೃಂಗವೇರ", ಪಾಲಿಯಲ್ಲಿ "ಸಿಂಗಿವೇರ", ಗ್ರೀಕಿನಲ್ಲಿ "ಜಿಂಗಿಬೆರಿಸ್", ಅರಬ್ಬಿಯಲ್ಲಿ "ಝಂಜಬೀಲ್", ಇಂಗ್ಲಿಷಿನಲ್ಲಿ "ಜಿಂಜರ್" ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಇವುಗಳ ಮೂಲದಲ್ಲಿ ದ್ರಾವಿಡ ಭಾಷೆಯ "ಇಂಜಿ" ಮತ್ತು "ವೇರ್" ಇವೆ ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ಆ ವೇರ್ ನಮ್ಮ ಕನ್ನಡದ "ಬೇರು".

ಕುರ್‌ಆನಿನ 76ನೇ ಅಧ್ಯಾಯವಾದ ಸೂರಃ ಅಲ್-ಇನ್ಸಾನ್‌ನ 17ನೇ ಆಯತಿನಲ್ಲಿ ಝಂಜಬೀಲ್ ಪದವಿದೆ. ಸ್ವರ್ಗದ ಪಾನೀಯದಲ್ಲಿ ಅದು ಬೆರೆತಿರುತ್ತದೆ ಎಂಬ ಸಂದರ್ಭದಲ್ಲಿ ಅದರ ಉಲ್ಲೇಖ ಬರುತ್ತದೆ. ಏಳನೆಯ ಶತಮಾನದ ಅರಬರಿಗೆ ಶುಂಠಿ ದೂರದಿಂದ ಬರುವ ಬೆಲೆಬಾಳುವ ವಸ್ತುವಾಗಿತ್ತು ಎಂಬುದನ್ನು ಇದರಿಂದ ತಿಳಿಯಬಹುದು. ಓದುಗರೇ, ಗಮನಿಸಿ: ಅಲ್ಲಿ ಹೇಳಿರುವುದು ಪಾನೀಯದ ವಿಷಯ. ಮುಖಕ್ಕೆ ಹಚ್ಚುವ ಲೇಪದ ವಿಷಯವಲ್ಲ. ನನ್ನ ವಿದ್ಯಾರ್ಥಿನಿಗೆ ಇಷ್ಟನ್ನು ನಾನು ಬಿಡಿಸಿ ಹೇಳಬೇಕಾಗಿತ್ತು.

ಇನ್ನೊಂದು ಮಾತು. ಶುಂಠಿ ಕಾಡಿನಲ್ಲಿ ತಾನಾಗಿ ಬೆಳೆದದ್ದನ್ನು ಕಂಡವರಿಲ್ಲ. ಅದು ಬೀಜದಿಂದ ಬೆಳೆಯುವುದೂ ಇಲ್ಲ. ಗೆಡ್ಡೆಯ ತುಂಡನ್ನೇ ನೆಡಬೇಕು. ಅಂದರೆ ಇಂದು ನಮ್ಮ ಅಡುಗೆ ಮನೆಯಲ್ಲಿರುವ ತುಂಡು ಸಾವಿರಾರು ವರ್ಷಗಳಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಬಂದದ್ದು.

ಮಳಖೇಡ, ಕಲ್ಯಾಣ ಮತ್ತು ಬುಖಾರಾ

ನಮ್ಮ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯ ಎಂಬ ಜೈನ ವೈದ್ಯನು "ಕಲ್ಯಾಣಕಾರಕ" ಎಂಬ ವೈದ್ಯಗ್ರಂಥ ಬರೆದನು. ನೃಪತುಂಗನ ಆಸ್ಥಾನದಲ್ಲಿ ಆಹಾರ ಮತ್ತು ಔಷಧದ ಬಗ್ಗೆ ಅವನು ವಾದ ಮಂಡಿಸಿದ ಪ್ರಸಂಗವೂ ಅದರಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ "ಮಾನಸೋಲ್ಲಾಸ"ದ ಅಡುಗೆಯ ಭಾಗದಲ್ಲಿ ಹಸಿ ಶುಂಠಿ ಬರುತ್ತದೆ. ಒಣ ಶುಂಠಿ, ಕಾಳುಮೆಣಸು, ಹಿಪ್ಪಲಿ ಈ ಮೂರು ಸೇರಿದ "ತ್ರಿಕಟು" ಆಯುರ್ವೇದದ ಹಳೆಯ ಔಷಧ. ಶುಂಠಿಗೆ ಅಲ್ಲಿ "ವಿಶ್ವಭೇಷಜ", "ಮಹೌಷಧ" ಎಂಬ ದೊಡ್ಡ ಹೆಸರುಗಳೂ ಇವೆ.

ಇತ್ತ ಬುಖಾರಾದ ಬಳಿ ಹುಟ್ಟಿದ ಇಬ್ನ್ ಸೀನಾ 1025ರ ಹೊತ್ತಿಗೆ ತನ್ನ "ಅಲ್-ಕಾನೂನ್ ಫಿತ್ತಿಬ್" ಮುಗಿಸಿದನು. ಅವನಿಗಿಂತ ಸುಮಾರು ಎಂಟುನೂರು ವರ್ಷ ಮೊದಲಿನ ಗ್ರೀಕ್ ವೈದ್ಯ ಗ್ಯಾಲೆನ್, ಅಂದರೆ ನಮ್ಮ ಹಕೀಮರ "ಜಾಲೀನೂಸ್", ಶುಂಠಿಯ ಬಗ್ಗೆ ಒಂದು ಸೂಕ್ಷ್ಮ ಸಂಗತಿ ಬರೆದಿದ್ದ. ಕಾಳುಮೆಣಸಿನ ಬಿಸಿ ತಕ್ಷಣ ಏರಿ ಬೇಗ ಇಳಿಯುತ್ತದೆ. ಶುಂಠಿಯ ಬಿಸಿ ನಿಧಾನವಾಗಿ ಏರಿ ಬಹಳ ಹೊತ್ತು ಉಳಿಯುತ್ತದೆ, ಏಕೆಂದರೆ ಅದರೊಳಗೆ ತೇವವಿದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಕಾಳುಮೆಣಸು ಒಲೆಗೆ ಹಾಕಿದ ತೊಗರಿ ಕಟ್ಟಿಗೆಯಂತೆ, ಭಗ್ ಎಂದು ಹತ್ತಿ ಬೂದಿಯಾಗುತ್ತದೆ. ಶುಂಠಿಯು ಜಾಲಿಯ ಹಸಿ ಬೊಡ್ಡೆಯಂತೆ, ಹೊತ್ತಿದರೆ ಬೆಳಗಿನವರೆಗೂ ಕೆಂಡ. ಈ ಮಾತನ್ನು ಓದಿದಾಗ ರಾತ್ರಿಯಿಡೀ ಅದನ್ನು ಕೆನ್ನೆಯ ಮೇಲೆ ಇಟ್ಟುಕೊಂಡ ಹುಡುಗಿ ನನ್ನ ಕಣ್ಣ ಮುಂದೆ ಬಂದಳು.

ಯುನಾನಿ ವೈದ್ಯದಲ್ಲಿ ಪ್ರತಿ ವಸ್ತುವಿಗೂ ಒಂದು "ಮಿಜಾಜ್", ಅಂದರೆ ಸ್ವಭಾವ ಇರುತ್ತದೆ. ರೋಗಿಗೂ ಒಂದು ಮಿಜಾಜ್ ಇರುತ್ತದೆ. ಶುಂಠಿ ಗರಮ್ ಸ್ವಭಾವದ್ದು. ಹೊಟ್ಟೆ ಭಾರವಾದವನಿಗೆ, ಶೀತವಾದವನಿಗೆ ಅದು ಹಿತ. "ಜವಾರಿಷ್ ಝಂಜಬೀಲ್" ಎಂಬ ಲೇಹ್ಯವನ್ನು ಹಕೀಮರು ಇಂದಿಗೂ ಜೀರ್ಣಕ್ಕೆ ಕೊಡುತ್ತಾರೆ. ಆದರೆ ಎಲ್ಲರಿಗೂ ಎಲ್ಲಾ ಕಾಲಕ್ಕೂ ಅದೇ ಮದ್ದು ಎಂದು ಅವರು ಎಲ್ಲಿಯೂ ಹೇಳಲಿಲ್ಲ.

ಹೊನ್ನಾವರದ ಊಟ ಮತ್ತು ಹದಿಮೂರು ಶಾಲೆಗಳು

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ 1342ರ ಸುಮಾರಿಗೆ ನಮ್ಮ ಕರಾವಳಿಯ ಹೊನ್ನಾವರಕ್ಕೆ ಬಂದನು. ಅದನ್ನು ಅವನು "ಹಿನೌರ್" ಎಂದು ಬರೆದಿದ್ದಾನೆ. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಅವನು ಬಾಯಿ ನೀರೂರುವಂತೆ ವರ್ಣಿಸಿದ್ದಾನೆ. ಮೊದಲು ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಮೆಣಸು, ಹಸಿ ಶುಂಠಿ, ನಿಂಬೆ ಮತ್ತು ಮಾವಿನಕಾಯಿ. ಇಂದಿಗೂ ನಮ್ಮ ಊಟದಲ್ಲಿರುವ ಉಪ್ಪಿನಕಾಯಿಯೇ ಇದು.

ಅದೇ ಹೊನ್ನಾವರದ ಬಗ್ಗೆ ಅವನು ಬರೆದ ಇನ್ನೊಂದು ಸಂಗತಿಯನ್ನು ನಮ್ಮ ಸಂಘದ ಸದಸ್ಯರು ಅವಶ್ಯವಾಗಿ ತಿಳಿಯಬೇಕು. ಆ ಊರಿನಲ್ಲಿ ಹುಡುಗರಿಗೆ 23 ಶಾಲೆಗಳೂ ಹುಡುಗಿಯರಿಗೆ 13 ಶಾಲೆಗಳೂ ಇದ್ದವು. ಅಲ್ಲಿಯ ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದ್ದರು. ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲ ಎನ್ನುತ್ತಾನೆ ಲೋಕವೆಲ್ಲ ಸುತ್ತಿದ ಆ ಪ್ರವಾಸಿ. ಸುಮಾರು 680 ವರ್ಷಗಳ ಹಿಂದೆ ಕನ್ನಡ ನಾಡಿನ ಒಂದು ಸಣ್ಣ ಬಂದರಿನಲ್ಲಿ ಹುಡುಗಿಯರಿಗೆ 13 ಶಾಲೆಗಳಿದ್ದವು! ಶುಂಠಿಯನ್ನು ಹುಡುಕಿ ಹೊರಟ ನನಗೆ ಶುಂಠಿಗಿಂತ ದೊಡ್ಡದು ಸಿಕ್ಕಿತು.

ಬಹಮನಿ ಕಾಲ

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾಹ ನಮ್ಮ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡನು. 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾಹನು ಗೋವಾ ಮತ್ತು ಚೌಲ್ ಬಂದರುಗಳಿಂದ ಪ್ರತಿ ವರ್ಷ ಹಡಗುಗಳನ್ನು ಕಳುಹಿಸಿ ಹೊರದೇಶಗಳ ವಸ್ತುಗಳನ್ನೂ ವಿದ್ವಾಂಸರನ್ನೂ ಕರೆಸಿಕೊಳ್ಳುತ್ತಿದ್ದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಅಲ್ಲಿ ಎರಡನೆಯ ಅಲಾವುದ್ದೀನ್ ಅಹ್ಮದ್ ಷಾಹ (1436-1458) ಒಂದು ದೊಡ್ಡ ಆಸ್ಪತ್ರೆ ಕಟ್ಟಿಸಿದನು. ರೋಗಿಗಳ ಔಷಧ ಮತ್ತು ಪಥ್ಯದ ಖರ್ಚಿಗಾಗಿ ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟನು. ಆ ಆಸ್ಪತ್ರೆಯಲ್ಲಿ ಮುಸ್ಲಿಂ ಹಕೀಮರೂ ಹಿಂದೂ ವೈದ್ಯರೂ ಇಬ್ಬರೂ ನೇಮಕವಾಗಿದ್ದರು.

1470ರ ಸುಮಾರಿಗೆ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರಿನಲ್ಲಿದ್ದನು. ಕಲಬುರಗಿಯನ್ನೂ ನೋಡಿದನು. ತನ್ನ ಪ್ರವಾಸದ ಬರಹದಲ್ಲಿ ಕಲ್ಲಿಕೋಟೆಯಲ್ಲಿ ಸಿಗುವ ಸಾಂಬಾರ ಪದಾರ್ಥಗಳ ಪಟ್ಟಿ ಕೊಡುವಾಗ ಅವನು "ಝೆಂಜೆಬಿಲ್" ಎಂದು ಒಂದು ಕಡೆ, "ಅದ್ರ್ಯಾಕ್" ಎಂದು ಇನ್ನೊಂದು ಕಡೆ ಬರೆದಿದ್ದಾನೆ. ರಷ್ಯನ್ ಭಾಷೆಯ ಬರಹದಲ್ಲಿ ನಮ್ಮ ಅದ್ರಕ್! ಐದೂವರೆ ಶತಮಾನದ ಹಿಂದೆ ನಮ್ಮ ಬಜಾರುಗಳ ಮಾತು ಆ ಪರದೇಶಿಯ ಕಿವಿಗೆ ಬಿದ್ದಿತ್ತೆಂಬುದಕ್ಕೆ ಇದು ಸಾಕ್ಷಿ.

ಮೇಲೆ ಹೇಳಿದ ಫಿರಿಶ್ತಾ ಬಿಜಾಪುರದ ಎರಡನೆಯ ಇಬ್ರಾಹೀಂ ಆದಿಲ್ ಷಾಹನ ಆಶ್ರಯದಲ್ಲಿದ್ದವನು. ಅವನು ಇತಿಹಾಸಕಾರ ಮಾತ್ರವಲ್ಲ, ವೈದ್ಯವನ್ನೂ ಬಲ್ಲವನು. ಭಾರತೀಯ ವೈದ್ಯ ಪದ್ಧತಿಯನ್ನು ಫಾರಸಿ ಓದುಗರಿಗೆ ತಿಳಿಸಲು "ದಸ್ತೂರುಲ್ ಅತಿಬ್ಬಾ" ಎಂಬ ಗ್ರಂಥವನ್ನೇ ಬರೆದನು. ಯಾವ ವಿದ್ಯೆ ಯಾವ ಜನಾಂಗದ್ದು ಎಂದು ನಮ್ಮ ಹಿರಿಯರು ನೋಡಲಿಲ್ಲ, ಪರೀಕ್ಷಿಸಿ ಒಳ್ಳೆಯದನ್ನು ಪಡೆದರು ಎಂಬುದು ಇದರಿಂದ ತಿಳಿಯುತ್ತದೆ.

ಚರ್ಮದ ಬಗ್ಗೆ ಹಿರಿಯರು ಹೇಳಿದ್ದೇನು?

ಈಗ ಮುಖ್ಯ ವಿಷಯಕ್ಕೆ ಬರೋಣ. ಹದಿನಾರನೆಯ ಶತಮಾನದ ಭಾವಮಿಶ್ರನ "ಭಾವಪ್ರಕಾಶ" ಆಯುರ್ವೇದದ ಮಾನ್ಯ ಗ್ರಂಥ. ಊಟಕ್ಕೆ ಮೊದಲು ಉಪ್ಪಿನೊಂದಿಗೆ ಹಸಿ ಶುಂಠಿ ತಿನ್ನುವುದು ಯಾವಾಗಲೂ ಒಳ್ಳೆಯದೆಂದು ಅದು ಹೊಗಳುತ್ತದೆ. ಅದೇ ಗ್ರಂಥ ಹಸಿ ಶುಂಠಿ ಯಾರಿಗೆ ಸಲ್ಲದು ಎಂಬುದನ್ನೂ ಪಟ್ಟಿ ಮಾಡಿದೆ. ಕುಷ್ಠವೆಂದು ಆಗ ಕರೆಯುತ್ತಿದ್ದ ಚರ್ಮರೋಗಗಳಿರುವವರಿಗೆ, ಗಾಯವಿರುವವರಿಗೆ, ರಕ್ತಸ್ರಾವವಿರುವವರಿಗೆ, ಮೈಯುರಿ ಇರುವವರಿಗೆ ಅದು ಹಿತವಲ್ಲ. ಬೇಸಿಗೆಯಲ್ಲಿ ಮತ್ತು ಶರದೃತುವಿನಲ್ಲಿಯೂ ಅದು ಹಿತವಲ್ಲ.

ಓದುಗರೇ, ಯೋಚಿಸಿ. "ಆಯುರ್ವೇದದಲ್ಲಿ ಹೇಳಿದೆ" ಎಂಬ ಮುದ್ರೆ ಒತ್ತಿ ಇಂದು ಚರ್ಮದ ಕಾಂತಿಗೆ ಶುಂಠಿ ಹಚ್ಚಿ ಎನ್ನುವವರು ಯಾವ ಗ್ರಂಥ ಓದಿದ್ದಾರೆ? ಚರ್ಮ ಕೆಟ್ಟಿರುವಾಗ ಅದನ್ನು ತಿನ್ನಲೂ ಬೇಡ ಎಂದು ಹಳೆಯ ಗ್ರಂಥ ಹೇಳಿದರೆ, ಇವರು ಅದನ್ನು ಅರೆದು ಕೆನ್ನೆಗೆ ಮೆತ್ತಿಸುತ್ತಾರೆ. ಅದೂ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಕಲಬುರಗಿಯಲ್ಲಿ!

ಇಂದಿನ ವಿಜ್ಞಾನ ಏನೆನ್ನುತ್ತದೆ? ಹಸಿ ಶುಂಠಿಯ ಖಾರಕ್ಕೆ ಕಾರಣವಾದ ವಸ್ತು "ಜಿಂಜರಾಲ್". ಒಣಗಿಸಿದಾಗ ಅದರಲ್ಲಿ ಒಂದು ಭಾಗ "ಶೋಗಾಲ್" ಆಗುತ್ತದೆ. ಜಪಾನಿ ಭಾಷೆಯಲ್ಲಿ ಶುಂಠಿಗೆ "ಶೋಗಾ" ಎನ್ನುವುದರಿಂದ ಆ ಹೆಸರು ಬಂತು. ಇದು ಇನ್ನೂ ಖಾರ. ಒಣ ಶುಂಠಿ ಹೆಚ್ಚು ಘಾಟು ಏಕೆಂಬುದು ಇದರಿಂದ ತಿಳಿಯುತ್ತದೆ. ಹಸಿಮೆಣಸಿನಕಾಯಿಯ ಉರಿಯನ್ನು ಗುರುತಿಸುವ ನರಗಳನ್ನೇ ಜಿಂಜರಾಲ್ ಕೂಡ ಕೆರಳಿಸುತ್ತದೆ. ಮೆಣಸಿನಕಾಯಿ ಅರೆದು ಮುಖಕ್ಕೆ ಹಚ್ಚಿಕೊಳ್ಳಿ ಎಂದರೆ ಯಾರೂ ಒಪ್ಪುವುದಿಲ್ಲ, ಶುಂಠಿ ಎಂದರೆ ಒಪ್ಪುತ್ತೇವೆ. ನಿಂಬೆ ಜಾತಿಯ ಹಣ್ಣಿನ ರಸ ಹಚ್ಚಿದ ಚರ್ಮ ಬಿಸಿಲಿಗೆ ಬಿದ್ದರೆ ಸುಟ್ಟಂತಾಗಿ ಕಲೆ ಉಳಿಯುವುದೂ ಉಂಟು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಚರ್ಮ ಕೆರಳಿದ ಜಾಗ ಆಮೇಲೆ ಕಪ್ಪಾಗುವುದು ಸಾಮಾನ್ಯ. ಶುಂಠಿಯ ಸಾರ ಕೆಲವು ರೋಗಾಣುಗಳನ್ನು ತಡೆಯುತ್ತದೆಂದು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ, ನಿಜ. ಆದರೆ ಗಾಜಿನ ತಟ್ಟೆ ಬೇರೆ, ಮನುಷ್ಯನ ಕೆನ್ನೆ ಬೇರೆ. ಹಸಿ ಶುಂಠಿ ಹಚ್ಚಿದರೆ ಮೈಬಣ್ಣ ಬೆಳ್ಳಗಾಗುತ್ತದೆ ಎಂಬುದಕ್ಕೆ ನಂಬುವಂಥ ಪುರಾವೆ ಇಲ್ಲ.

ಹಾಗಾದರೆ ಶುಂಠಿಯ ಉಪಯೋಗ ಸುಳ್ಳೇ? ಖಂಡಿತ ಇಲ್ಲ. 1982ರಲ್ಲಿ "ಲ್ಯಾನ್ಸೆಟ್" ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ 36 ವಿದ್ಯಾರ್ಥಿಗಳನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಮಾಡಿದ ಪ್ರಯೋಗ ಪ್ರಕಟವಾಯಿತು. ಒಣ ಶುಂಠಿ ಪುಡಿ ತೆಗೆದುಕೊಂಡವರಿಗೆ ವಾಕರಿಕೆ ಕಡಿಮೆಯಾಗಿತ್ತು. ನಂತರದ ಪ್ರಯೋಗಗಳಲ್ಲಿ ಪ್ರಯಾಣದ ವಾಕರಿಕೆಗೆ ಮಿಶ್ರ ಫಲ ಬಂದರೂ ಬಸುರಿಯರ ವಾಕರಿಕೆಗೆ ದಿನಕ್ಕೆ ಸುಮಾರು 1 ಗ್ರಾಂ ಶುಂಠಿ ಸಹಾಯ ಮಾಡುತ್ತದೆಂದು ಹಲವು ಅಧ್ಯಯನಗಳು ಹೇಳಿವೆ. 2001ರಲ್ಲಿ ಅಮೆರಿಕದಲ್ಲಿ 247 ಮೊಣಕಾಲು ನೋವಿನ ರೋಗಿಗಳ ಮೇಲೆ ಶುಂಠಿಯ ಸಾರವನ್ನು ಪರೀಕ್ಷಿಸಿದಾಗ ಸ್ವಲ್ಪ ಮಟ್ಟಿನ ಉಪಶಮನ ಕಂಡುಬಂತು. ಸ್ವಲ್ಪ ಮಟ್ಟಿನದು, ಪವಾಡವಲ್ಲ.

ಮಾತಿನ ಸನದು ಕೇಳಿ

ಶುಂಠಿಯ ಹೆಸರಿನಲ್ಲಿ ಮೋಸ ಹೋದವರು ನಾವೇ ಮೊದಲಲ್ಲ. 1930ರಲ್ಲಿ ಅಮೆರಿಕದಲ್ಲಿ ಮದ್ಯ ನಿಷೇಧವಿದ್ದಾಗ "ಜಮೈಕಾ ಶುಂಠಿ ಸಾರ" ಎಂಬ ಔಷಧವನ್ನು ಅದರಲ್ಲಿದ್ದ ಮದ್ಯಸಾರಕ್ಕಾಗಿ ಜನ ಕುಡಿಯುತ್ತಿದ್ದರು. ಸರಕಾರದ ತಪಾಸಣೆಯನ್ನು ವಂಚಿಸಲು ಅದಕ್ಕೆ ಕೈಗಾರಿಕೆಯ ಒಂದು ರಾಸಾಯನಿಕ ಬೆರೆಸಿದರು. ಸಾವಿರಾರು ಜನರ ಕಾಲುಗಳು ಸ್ವಾಧೀನ ತಪ್ಪಿದವು. ಸೀಸೆಯ ಮೇಲೆ ಶುಂಠಿ ಎಂಬ ಒಳ್ಳೆಯ ಹೆಸರೇ ಇತ್ತು.

ಇನ್ನೊಂದು ಉದಾಹರಣೆ ನಮ್ಮದೇ ವಿದ್ವತ್ ಪರಂಪರೆಯದು. ಒಬ್ಬ ರಾಜ ಪ್ರವಾದಿಯವರಿಗೆ (ಸ) ಒಂದು ಮಡಕೆ ಶುಂಠಿಯನ್ನು ಕಾಣಿಕೆ ಕಳುಹಿಸಿದನೆಂಬ ಒಂದು ವರದಿ ಇದೆ. ಆ ರಾಜ ಹಿಂದ್ ದೇಶದವನೆಂದು ಒಂದು ಪಾಠ, ರೂಮಿನವನೆಂದು ಇನ್ನೊಂದು ಪಾಠ. ಕೇಳಲು ಎಷ್ಟು ಚೆನ್ನಾಗಿದೆ! ನಾನೂ ಇದನ್ನು ತರಗತಿಯಲ್ಲಿ ಹೇಳಿದ್ದುಂಟು. ಆದರೆ 1348ರಲ್ಲಿ ನಿಧನರಾದ ಇಮಾಮ್ ಝಹಬಿಯವರು ಇದನ್ನು ಒಪ್ಪಲಿಲ್ಲ. ವರದಿ ಮಾಡಿದವನು ವಿಶ್ವಾಸಾರ್ಹನಲ್ಲ, ಅಲ್ಲದೆ ರೂಮಿನಿಂದ ಹಿಜಾಝಿಗೆ ಶುಂಠಿ ಕಳುಹಿಸುವುದೆಂದರೆ ರೂಮಿನಿಂದ ಮದೀನಕ್ಕೆ ಖರ್ಜೂರ ಕಳುಹಿಸಿದಂತೆ, ಬುದ್ಧಿ ಒಪ್ಪುವ ಮಾತಲ್ಲ ಎಂದರು. ಪ್ರವಾದಿಯವರ ಹೆಸರಿನಲ್ಲಿ ಬಂದ ಮಾತಿಗೇ "ಯಾರು ಹೇಳಿದರು? ಅವರು ಯಾರಿಂದ ಕೇಳಿದರು?" ಎಂದು ಸನದು ಕೇಳಿದವರು ನಮ್ಮ ಹಿರಿಯರು. ನಾವು ಮೊಬೈಲಿಗೆ ಬಂದ ಮಾತನ್ನು ಹಿಂದೆ ಮುಂದೆ ನೋಡದೆ ಮುಖಕ್ಕೆ ಹಚ್ಚಿಕೊಳ್ಳುತ್ತೇವೆ.

ನೆನಪಿಡಬೇಕಾದ ಕೆಲವು ಮಾತುಗಳು

- ಹಸಿ ಶುಂಠಿಯನ್ನು ಅಡುಗೆಯಲ್ಲಿ, ಚಹಾದಲ್ಲಿ, ಉಪ್ಪಿನೊಂದಿಗೆ ಮಿತವಾಗಿ ಬಳಸಿ. ಅದರ ನಿಜವಾದ ಜಾಗ ಅದು.
- ಹಸಿ ಶುಂಠಿಯನ್ನಾಗಲಿ ನಿಂಬೆ ರಸವನ್ನಾಗಲಿ ಮುಖಕ್ಕೆ ಹಚ್ಚಬೇಡಿ. ಹಚ್ಚಿ ಉರಿ ಬಂದರೆ ಕೂಡಲೇ ತಣ್ಣೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ.
- ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಮತ್ತು ಬಸುರಿಯರು ಶುಂಠಿಯನ್ನು ಔಷಧವಾಗಿ ಸೇವಿಸುವ ಮೊದಲು ವೈದ್ಯರನ್ನು ಕೇಳಿ.
- ಮನೆಯ ಹಿರಿಯರು ಶುಂಠಿ ಕಷಾಯವನ್ನು ನಂಬಿ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆ ಬಿಡದಂತೆ ನೋಡಿಕೊಳ್ಳಿ.
- ಚರ್ಮಕ್ಕೆ ಬೇಕಾದದ್ದು ಸಾಕಷ್ಟು ನೀರು, ಹಣ್ಣು ತರಕಾರಿ, ನಿದ್ರೆ ಮತ್ತು ಬಿಸಿಲಿನಿಂದ ರಕ್ಷಣೆ. ಕಮಲಾಪುರದ ಕೆಂಪು ಬಾಳೆಹಣ್ಣು ನಮ್ಮ ಬಾಗಿಲಲ್ಲೇ ಇದೆ.

ಕೊನೆಯ ಮಾತು

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ನನ್ನ ಬಸ್ಸು ಹುಮನಾಬಾದ ರಸ್ತೆಯಲ್ಲಿ ಹೋಗುತ್ತದೆ. ಅದೇ ದಾರಿಯಲ್ಲಿ ಮುಂದೆ ಸಾಗಿದರೆ ಬೀದರ ಜಿಲ್ಲೆಯ ಶುಂಠಿ ಹೊಲಗಳು. ನಮ್ಮ ಕಡೆಯ ಕಪ್ಪು ಭೂಮಿಯಲ್ಲಿ ನೀರು ನಿಂತು ಗೆಡ್ಡೆ ಕೊಳೆಯುತ್ತದೆ, ಅಲ್ಲಿಯ ಕೆಂಪು ನೆಲದಲ್ಲಿ ನೀರು ಬಸಿದು ಹೋಗುವುದರಿಂದ ಅದು ಚೆನ್ನಾಗಿ ಬರುತ್ತದೆ. 2020ರಲ್ಲಿ ಆರಂಭವಾದ ಕೇಂದ್ರದ ಕಿರು ಆಹಾರ ಉದ್ಯಮ ಯೋಜನೆಯಲ್ಲಿ ಕಲಬುರಗಿಗೆ ತೊಗರಿಯನ್ನು ಆರಿಸಿದರೆ ಬೀದರಿಗೆ ಶುಂಠಿಯನ್ನೇ ಆರಿಸಿದ್ದಾರೆ. ಒಂದು ಗೆಡ್ಡೆಗೇ ತನ್ನದಾದ ನೆಲ ಬೇಕು ಎಂದ ಮೇಲೆ, ಮದ್ದಿಗೂ ತನ್ನದಾದ ಜಾಗ ಬೇಕಲ್ಲವೇ?

ಆ ಹುಡುಗಿಯ ಕಲೆ ಈಗ ಬಹುಮಟ್ಟಿಗೆ ಮಾಸಿದೆ. ಅಕ್ಕನ ನಿಕಾಹ್ ಕೂಡ ಚೆನ್ನಾಗಿ ಆಯಿತು. ನಾನು ಅವಳ ಕ್ಷಮೆ ಕೇಳಿದೆ, ಇಡೀ ತರಗತಿಯ ಮುಂದೆ ಭಾವಪ್ರಕಾಶದ ಮಾತನ್ನೂ ಝಹಬಿಯವರ ಮಾತನ್ನೂ ಹೇಳಿದೆ. ಹೊನ್ನಾವರದ 13 ಶಾಲೆಗಳ ಬಗ್ಗೆ ಹೇಳಿದಾಗ ಅವಳು ಕೈ ಎತ್ತಿ, "ಟೀಚರ್, ಆ ಶಾಲೆಗಳಲ್ಲಿ ಓದಿದ ಹುಡುಗಿಯರ ಬಣ್ಣ ಹೆಂಗಿತ್ತು ಅಂತ ಆ ಪ್ರವಾಸಿ ಬರೆದಾನೇನು?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಶಾಲೆಗಳ ಲೆಕ್ಕ ಹೇಳುವಾಗ ಅವನು ಬರೆದದ್ದು ಅವರ ವಿದ್ಯೆಯ ವಿಷಯ ಎಂದೆ ನಾನು.

ಪ್ರಿಯ ವಿದ್ಯಾರ್ಥಿಗಳೇ, ಶುಂಠಿಯನ್ನು ತಿನ್ನಿರಿ, ಅದರ ಚರಿತ್ರೆಯನ್ನು ಓದಿರಿ. ಯಾರಾದರೂ ನಿಮ್ಮ ಮೈಬಣ್ಣವನ್ನು ಬದಲಿಸುವ ಮದ್ದು ಹೇಳಿದರೆ, ನಮ್ಮ ಹಳ್ಳಿಯವರು ಶುಂಠಿಗೆ ಇಟ್ಟ ಹೆಸರನ್ನೇ ಅವರಿಗೆ ಉತ್ತರವಾಗಿ ಹೇಳಿರಿ: "ಅಲ್ಲ!"